ಪದಚರ್ಚೆ: ವೆಬ್‌ಸೈಟಿನ ಮೊದಲ ಪುಟಕ್ಕೆ ‘ಜಗುಲಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರತ್ತೆ ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಮಾವಿನಮಿಡಿಯ, ಕಸಿ ಗಿಡ ಮಾಡಿ ಕೊಡುತ್ತಾರೆ. ಮಳೆಗಾಲ ಹತ್ತಿರ ಬಂತೆಂದರೆ ಅವರ ಫೋನಿಗೆ ಬಿಡುವಿಲ್ಲ. ಕೇಳುವವರೆಲ್ಲ ಕೇಳುವುದು ಅದೇ ನಾಲ್ಕು ಪ್ರಶ್ನೆ. ಯಾವ ಯಾವ ಜಾತಿ ಇದೆ? ಗಿಡಕ್ಕೆ ಎಷ್ಟು? ದಾರಿ ಹೇಗೆ? ಯಾವಾಗ ಬಂದರೆ ಸಿಗುತ್ತದೆ? ಕೈಯಲ್ಲಿ ಮಣ್ಣು ಮೆತ್ತಿಕೊಂಡು ದಿನಕ್ಕೆ ಮೂವತ್ತು ಸಲ ಅದನ್ನೇ ಹೇಳುವುದು ನೋಡಲಾಗದೆ, ಉತ್ತರಗಳನ್ನು ಒಂದು ಸಣ್ಣ ವೆಬ್‌ಸೈಟಿನಲ್ಲಿ ಹಾಕಿಡೋಣ ಅಂತ ಹೊರಟೆ. ಕೋಡು ಬರೆಯುವುದು ಒಂದು ವಾರದಲ್ಲಿ ಮುಗಿಯಿತು. ಬಟನ್‌ಗಳ ಮೇಲೆ ಏನು ಬರೆಯಬೇಕು ಅನ್ನುವುದು ತಿಂಗಳಾದರೂ ಮುಗಿದಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ದೊಡ್ಡ ಪ್ರಶ್ನೆ. ‘ಹೋಮ್ ಪೇಜ್’ ಅನ್ನುವುದಕ್ಕೆ ನಾವೆಲ್ಲ ‘ಮುಖಪುಟ’ ಅನ್ನುತ್ತೇವೆ. ಪದ ಚೆನ್ನಾಗಿಯೇ ಇದೆ, ಬಳಕೆಯಲ್ಲೂ ನಿಂತಿದೆ. ಆದರೆ ಅದು ಬಂದದ್ದು ಪುಸ್ತಕ, ಪತ್ರಿಕೆಗಳಿಂದ. ಪತ್ರಿಕೆಯನ್ನು ಕೈಗೆತ್ತಿಕೊಂಡರೆ ಮೊದಲು ಕಾಣುವುದು ಮುಖಪುಟವೇ. ವೆಬ್‌ಸೈಟಿಗೆ ಜನ ಹಾಗೆ ಬರುವುದಿಲ್ಲ. ಜೀರಿಗೆ ಅಪ್ಪೆ ಅಂತ ಅಪ್ಪೆಮಿಡಿಯ ಒಂದು ಜಾತಿ ಇದೆ. ಗೂಗಲ್‌ನಲ್ಲಿ ‘ಜೀರಿಗೆ ಅಪ್ಪೆ ಗಿಡ’ ಅಂತ ಹುಡುಕಿದವರು ಸೀದಾ ಜೀರಿಗೆ ಅಪ್ಪೆಯ ಪುಟಕ್ಕೆ ಬಂದು ಬೀಳುತ್ತಾರೆ. ಹಿತ್ತಲ ದಾರಿಯಿಂದ ಬಂದ ಹಾಗೆ. ಇದು ಯಾರ ಮನೆ, ಇಲ್ಲಿ ಇನ್ನೇನಿದೆ ಅಂತ ಆಮೇಲೆ ನೋಡುತ್ತಾರೆ. ಆಗ ಅವರಿಗೆ ಬೇಕಾಗುವುದು ‘ಹೋಮ್’ ಬಟನ್.

ಇಂಗ್ಲಿಷಿನಲ್ಲೂ ಈ ಪದದ ಅರ್ಥ ಜಾರಿದೆ. ವೆಬ್ ಶುರುವಾದ ಕಾಲದಲ್ಲಿ ಬ್ರೌಸರ್ ತೆರೆದ ಕೂಡಲೇ ಬರುವ ಪುಟಕ್ಕೆ ‘ಹೋಮ್ ಪೇಜ್’ ಅನ್ನುತ್ತಿದ್ದರು. ಅಂದರೆ ಆ ಮನೆ ಓದುವವನದು. ಅಲ್ಲಿಂದ ಅವನು ಹೊರಡುತ್ತಿದ್ದ. ಆಮೇಲೆ ಪ್ರತಿಯೊಂದು ಸೈಟಿನ ಮೊದಲ ಪುಟಕ್ಕೂ ಅದೇ ಹೆಸರು ಬಂತು, ಮನೆ ಸೈಟಿನವರದಾಯಿತು. ಬಂದವನು ನೆಂಟನಾದ.

ನೆಂಟ ಅಂದ ಮೇಲೆ ನನಗೆ ನೆನಪಾದದ್ದು ಜಗುಲಿ. ನಮ್ಮ ಕಡೆ ಯಾರೇ ಬಂದರೂ ಅಂಗಳ ದಾಟಿ ಜಗುಲಿಗೆ ಬರುತ್ತಾರೆ. ಪರಿಚಯ ಇರಲಿ, ಇಲ್ಲದಿರಲಿ. ಕೂತುಕೊಳ್ಳುತ್ತಾರೆ, ಆಸರಿಗೆ, ಅಂದರೆ ಕುಡಿಯಲು, ಏನಾದರೂ ಬರುತ್ತದೆ, ಎಲೆ ಅಡಿಕೆ ಕವಳದ ಹರಿವಾಣ ಬರುತ್ತದೆ. ಯಾವ ಊರು, ಏನು ಕೆಲಸಕ್ಕೆ ಬಂದದ್ದು ಅಂತ ಮಾತಾಗುವುದು ಅಲ್ಲೇ. ಅಡಿಕೆ ವಿಷಯಕ್ಕೆ ಬಂದವರು ಅಂಗಳಕ್ಕೆ ಇಳಿಯುತ್ತಾರೆ, ಊಟಕ್ಕೆ ಬಂದವರು ಒಳಗೆ ಹೋಗುತ್ತಾರೆ, ಗಿಡಕ್ಕೆ ಬಂದವರು ತೋಟದ ಕಡೆ ನಡೆಯುತ್ತಾರೆ. ವೆಬ್‌ಸೈಟಿನ ಮೊದಲ ಪುಟ ಮಾಡಬೇಕಾದ ಕೆಲಸವೂ ಇಷ್ಟೇ ಅಲ್ವಾ? ಬಂದವರನ್ನು ಕೂರಿಸಿ, ಯಾವ ಕಡೆ ಹೋಗಬೇಕು ಅಂತ ತೋರಿಸುವುದು. ಇದಕ್ಕೆ ‘ಜಗುಲಿ’ಗಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಆದರೂ ಧೈರ್ಯ ಸಾಲುತ್ತಿಲ್ಲ, ಕಾರಣ ಹೇಳುತ್ತೇನೆ. ಧಾರವಾಡದ ಕಡೆ ‘ಜಗಲಿ’ ಅಂದರೆ ದೇವರನ್ನು ಇಡುವ ಜಾಗ. ದೇವರ ಜಗಲಿ. ಹೊರಗೆ ಕೂರುವ ಜಾಗಕ್ಕೆ ಅವರು ಕಟ್ಟೆ ಅನ್ನುತ್ತಾರೆ. ನಮ್ಮದೇ ಜಿಲ್ಲೆಯ ಹಳಿಯಾಳ, ಮುಂಡಗೋಡದವರ ಮಾತು ಆ ಕಡೆಗೆ ಹತ್ತಿರ. ಅತ್ತೆಯ ಹತ್ತಿರ ಗಿಡ ಒಯ್ಯುವವರಲ್ಲಿ ಅವರೂ ಇದ್ದಾರೆ. ಗಿಡದ ಸೈಟಿನಲ್ಲಿ ‘ಜಗುಲಿ’ ಅಂತ ಕಂಡರೆ ಅವರಿಗೆ ದೇವರ ಫೋಟೋ ಇರುವ ಪುಟ ಅನ್ನಿಸೀತೇ? ಇನ್ನೊಂದು ಸಂಶಯ ಏನೆಂದರೆ, ಜಗುಲಿ ಅಂದ ಕೂಡಲೇ ಹರಟೆ ನೆನಪಾಗುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರು ಚರ್ಚೆ ಮಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಅಂತ ಹೆಸರು. ಆ ಹೆಸರು ಎಷ್ಟು ಸರಿಯಾಗಿ ಕೂತಿದೆ ನೋಡಿ, ಯಾರೂ ಅರ್ಥ ಕೇಳುವುದಿಲ್ಲ. ಜಾಗದ ಹೆಸರನ್ನು ವೆಬ್‌ಗೆ ತರಬಹುದು ಅನ್ನುವುದಕ್ಕೆ ನನಗೆ ಅದೇ ಧೈರ್ಯ. ಅದೇ ಭಯ ಕೂಡ. ಕಟ್ಟೆಯ ಹಾಗೆ ಜಗುಲಿಯೂ ಮಾತಿನ ಜಾಗ ಅಂತಲೇ ಜನ ತಿಳಿದುಕೊಂಡರೆ?

ಎರಡನೆಯದು ‘ಸಂಪರ್ಕಿಸಿ’. ಮೊದಲು ಆ ಬಟನ್ ಹಾಗೇ ಇಟ್ಟಿದ್ದೆ. ಫೋನಿನಲ್ಲಿ ತೆರೆದು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ಕೇಳಿದ್ದು ಇಷ್ಟು: “ತಮಾ, ಸಂಪರ್ಕಿಸಿ ಅಂದ್ರೆ ಎಂತಾ ಮಾಡವು? ಫೋನ್ ಮಾಡವಾ, ಮನೆಗೇ ಬರವಾ?”

ಅವರು ಕೇಳಿದ್ದು ಸರಿ. ಆ ಪದದಲ್ಲಿ ಎರಡೂ ಇದೆ, ಹಾಗಾಗಿ ಎರಡೂ ಇಲ್ಲ. ಅದನ್ನು ಒಡೆದು ‘ಫೋನ್ ಮಾಡಿ’, ‘ವಾಟ್ಸಾಪ್ ಮಾಡಿ’, ‘ಮನೆಗೆ ಬರುವ ದಾರಿ’ ಅಂತ ಮೂರು ಮಾಡಿದೆ. ಜಾಗ ಜಾಸ್ತಿ ಹಿಡಿಯಿತು, ಆದರೆ ಯಾರಿಗೂ ಅನುಮಾನ ಉಳಿಯಲಿಲ್ಲ. ಅವತ್ತಿನಿಂದ ಪ್ರತಿಯೊಂದು ಪದವನ್ನೂ ಅತ್ತೆಗೆ ಓದಿ ಹೇಳುತ್ತಿದ್ದೇನೆ. ಒಂದು ಪದ ಕೇಳಿ ಅವರು ‘ಅಂದ್ರೆ ಎಂತಾ?’ ಅಂದರೆ ಅದು ಹೋಗಬೇಕು. ‘ಸಲ್ಲಿಸಿ’ ಹೋಗಿ ‘ಕಳಿಸಿ’ ಬಂತು. ‘ಶೋಧಿಸಿ’ ಹೋಗಿ ‘ಹುಡುಕಿ’ ಬಂತು. ‘ಜಾಲತಾಣ’ ಅವರಿಗೆ ಅರ್ಥ ಆಗುತ್ತದೆ, ಪೇಪರಿನಲ್ಲಿ ಓದಿದ್ದಾರೆ. ಆದರೆ ಬಾಯಲ್ಲಿ ಬರುವುದು ‘ವೆಬ್‌ಸೈಟು’ ಅಂತಲೇ.

‘ಇಲ್ಲಿ ಕ್ಲಿಕ್ ಮಾಡಿ’ ಅನ್ನುವುದನ್ನು ನಾನೇ ತೆಗೆದೆ. ಫೋನಿನಲ್ಲಿ ಕ್ಲಿಕ್ ಅನ್ನುವ ಸದ್ದೂ ಇಲ್ಲ, ಮೌಸೂ ಇಲ್ಲ, ಒತ್ತುವುದು ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಕಣ್ಣು ಕಾಣದವರು ಪುಟವನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ. ಪುಟದಲ್ಲಿರುವ ಕೊಂಡಿಗಳನ್ನಷ್ಟೇ ಒಂದರ ಹಿಂದೆ ಒಂದು ಕೇಳುವ ಅನುಕೂಲ ಅದರಲ್ಲಿದೆ. ಎಲ್ಲ ಕೊಂಡಿಯ ಮೇಲೂ ‘ಇಲ್ಲಿ’ ಅಂತ ಬರೆದರೆ ಅವರಿಗೆ ಕೇಳುವುದು ‘ಇಲ್ಲಿ, ಇಲ್ಲಿ, ಇಲ್ಲಿ’. ಪಾಪ, ಎಲ್ಲಿ ಅಂತ ಹೋಗಬೇಕು ಅವರು? ‘ಗಿಡದ ಬೆಲೆ’ ಅಂತ ಬರೆದು ಅದನ್ನೇ ಕೊಂಡಿ ಮಾಡಿದರೆ ಮುಗಿಯಿತು. ಹಾಗೆಯೇ, ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ‘ಕೆಎನ್’ ಎಂಬ ಎರಡಕ್ಷರದ ಗುರುತು ಹಾಕಲು ಮರೆಯಬಾರದು. ಕನ್ನಡದ ದನಿಯಲ್ಲಿ ಓದಬೇಕು ಅಂತ ಆ ತಂತ್ರಾಂಶಕ್ಕೆ ತಿಳಿಯುವುದು ಅದರಿಂದ.

‘ಲಿಂಕ್’ ಅನ್ನುವುದಕ್ಕೆ ‘ಕೊಂಡಿ’ ನನಗೆ ತುಂಬಾ ಇಷ್ಟದ ಪದ. ಸರಪಳಿಯ ಕೊಂಡಿ ಎಲ್ಲರಿಗೂ ಗೊತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ.

ಮೂರನೆಯದು ಸ್ವಲ್ಪ ನೋವಿನ ವಿಷಯ. ಎರಡು ವರ್ಷದ ಹಿಂದೆ ಅತ್ತೆಯ ಮಗ, ನನ್ನ ಭಾವ, ಒಬ್ಬರ ಹತ್ತಿರ ದುಡ್ಡು ಕೊಟ್ಟು ಸೈಟ್ ಮಾಡಿಸಿದ್ದ. ‘ಡೊಮೇನ್ ಹೆಸರು ಕೊಂಡಾಯಿತು’ ಅಂದಿದ್ದರು. ಡೊಮೇನ್ ಹೆಸರು ಅಂದರೆ ಸೈಟಿನ ವಿಳಾಸವಾಗುವ ಹೆಸರು. ಕೊಂಡದ್ದು ನಮ್ಮದೇ ಅಲ್ವಾ ಅಂತ ಇವರು ಸುಮ್ನೆ ಇದ್ದರು. ಆ ಹೆಸರು ನೋಂದಣಿ ಆಗಿದ್ದು ಮಾಡಿಕೊಟ್ಟವರ ಹೆಸರಿನಲ್ಲಿ. ವರ್ಷ ತುಂಬಿದಾಗ ಅವರು ಹಣ ಕಟ್ಟಲಿಲ್ಲ, ಹೆಸರು ಕೈಬಿಟ್ಟು ಹೋಯಿತು. ಪುಟ, ಫೋಟೋ ಯಾವುದೂ ಉಳಿಯಲಿಲ್ಲ. ಗಿಡದ ಚೀಟಿಯ ಮೇಲೆಲ್ಲ ಆ ವಿಳಾಸ ಅಚ್ಚು ಹಾಕಿಸಿದ್ದರು.

ಇದರಲ್ಲಿ ‘ಕೊಳ್ಳು’ ಎಂಬ ಪದದ ತಪ್ಪೂ ಇದೆ ಅನ್ನುವುದು ನನ್ನ ಅನಿಸಿಕೆ. ಡೊಮೇನ್ ಹೆಸರನ್ನು ಯಾರೂ ಕೊಳ್ಳುವುದಿಲ್ಲ. ಒಂದು ವರ್ಷಕ್ಕೋ, ಕೆಲವು ವರ್ಷಕ್ಕೋ ಹಣ ಕಟ್ಟಿ ಇಟ್ಟುಕೊಳ್ಳುತ್ತೇವೆ. ಗಡುವು ಮೀರಿದರೆ ಇನ್ನೊಬ್ಬರು ಅದನ್ನು ಪಡೆಯಬಹುದು. ಭಾವನಿಗೆ ಇದನ್ನು ವಿವರಿಸುವಾಗ ನನ್ನ ಬಾಯಿಗೆ ಬಂದದ್ದು ‘ಗೇಣಿ’. ‘ಹೆಸರು ಗೇಣಿಗೆ ಹಿಡಿದದ್ದು ಭಾವಾ, ಕೊಂಡದ್ದಲ್ಲ’ ಅಂದೆ. ಅವನಿಗೆ ಆ ಕ್ಷಣಕ್ಕೇ ಅರ್ಥ ಆಯಿತು. ಆದರೆ ನಮ್ಮ ಜಿಲ್ಲೆಯಲ್ಲಿ ಗೇಣಿ ಸುಮ್ಮನೆ ಆಡುವ ಪದವಲ್ಲ. ಕರಾವಳಿಯಲ್ಲಿ ದಿನಕರ ದೇಸಾಯಿಯವರು ಗೇಣಿದಾರ ರೈತರನ್ನು ಸೇರಿಸಿ ಹೋರಾಡಿದರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಉಳುವವರಿಗೆ ಭೂಮಿ ಸಿಕ್ಕಿತು. ಗೇಣಿ ಅಳೆದು ಕೊಟ್ಟವರ ಮೊಮ್ಮಕ್ಕಳು ಇವತ್ತೂ ಆ ಪದವನ್ನು ಹಗುರಾಗಿ ಕೇಳುವುದಿಲ್ಲ. ‘ಬಾಡಿಗೆ’ ಅಂದರೆ ನೋವಿಲ್ಲ, ಆದರೆ ಅದು ಮನೆಗೆ, ಗಾಡಿಗೆ ಹೇಳುವ ಮಾತು. ಹೋಸ್ಟಿಂಗಿಗೆ, ಅಂದರೆ ನಮ್ಮ ಪುಟಗಳನ್ನು ಇನ್ನೊಬ್ಬರ ಸರ್ವರಿನಲ್ಲಿ ಇಡುವುದಕ್ಕೆ, ಬಾಡಿಗೆ ಚೆನ್ನಾಗಿ ಹೊಂದುತ್ತದೆ. ಹೆಸರಿಗೆ? ನಿಮ್ಮ ಊರಿನ ಕಡೆ ಬೇರೆ ಪದ ಇದ್ದರೆ ತಿಳಿಸಿ. ಈ ಸಲ ಹೆಸರನ್ನು ಅತ್ತೆಯ ಹೆಸರಿನಲ್ಲೇ, ಅವರದೇ ಇಮೇಲ್ ಕೊಟ್ಟು ನೋಂದಾಯಿಸಿದ್ದೇವೆ.

ಬರಹದ ರೂಪದ ಬಗ್ಗೆಯೂ ಒಂದು ಮಾತು ಕೇಳಬೇಕು. ಅಪ್ಪೆಮಿಡಿ, ಅಪ್ಪೆ ಮಿಡಿ, ಮಾವಿನಮಿಡಿ, ಮಿಡಿಮಾವು. ಹುಡುಕುವವರು ಇದರಲ್ಲಿ ಯಾವುದನ್ನಾದರೂ ಬರೆಯುತ್ತಾರೆ. ಪುಟದಲ್ಲಿ ಒಂದೇ ರೂಪ ಇಟ್ಟರೆ ಶುದ್ಧವಾಗಿ ಕಾಣುತ್ತದೆ, ಎಲ್ಲವೂ ಒಂದೊಂದು ಸಲ ಬಂದರೆ ಹುಡುಕಿದವರಿಗೆ ಸಿಗುತ್ತದೆ. ನಾನು ಎರಡನೆಯದನ್ನು ಆರಿಸಿದ್ದೇನೆ. ಭಾಷೆ ತಿದ್ದುವವರಿಗೆ ಇದು ತಪ್ಪು ಅನ್ನಿಸುತ್ತದೆಯೇ? ಹಳೆಯ ಸೈಟಿಗೆ ಅಂತ ಬರೆದಿಟ್ಟ ಬರಹ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು. ಹಾಗೇ ತಂದು ಹಾಕಿದ್ದಕ್ಕೆ ಇಂಗ್ಲಿಷ್ ಅಕ್ಷರ ಚೆಲ್ಲಾಡಿದ ಹಾಗೆ ಕಂಡಿತು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯೂನಿಕೋಡಿಗೆ ಬದಲಿಸಿದ ಮೇಲೆ ಸರಿಯಾಯಿತು. ಹಾಗೆ ಬದಲಿಸದೆ ಬರೀ ಹಳೆಯ ಫಾಂಟು ಹಾಕಿ ಕನ್ನಡವಾಗಿ ಕಾಣಿಸಿದರೂ ಒಳಗಿರುವುದು ಇಂಗ್ಲಿಷ್ ಅಕ್ಷರವೇ, ಹಾಗಾಗಿ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೂರ್ನಾಲ್ಕು ಎಂಬಿ ಇದ್ದ ಫೋಟೋಗಳನ್ನು 200 ಕೆಬಿ ಒಳಗೆ ಇಳಿಸಿದೆ. ಗುಡ್ಡದ ಹಿಂದಿನ ಊರುಗಳಲ್ಲಿ ಸಿಗ್ನಲ್ ಹೇಗಿರುತ್ತದೆ ಅಂತ ನಿಮಗೂ ಗೊತ್ತು.

ಕೆಲಸ ಶುರು ಮಾಡುವ ಮೊದಲು ವೆಬ್‌ನ ಕಥೆ ಓದಿದ್ದೆ. ಜಿನೀವಾದ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಇದರ ಯೋಚನೆ ಬರೆದು ಕೊಟ್ಟರು. ಅಲ್ಲಿಯ ಜನ ವೆಬ್ ಬಳಸಲು ಶುರು ಮಾಡಿದ್ದಕ್ಕೆ ಒಂದು ದೊಡ್ಡ ಕಾರಣ ಸಂಸ್ಥೆಯ ಫೋನ್ ನಂಬರುಗಳ ಪುಸ್ತಕ. ಯಾರದೋ ನಂಬರ್ ಬೇಕು, ತೆರೆದರೆ ಸಿಗುತ್ತದೆ. ಅತ್ತೆಯ ನಾಲ್ಕು ಪ್ರಶ್ನೆಗೆ ನಾಲ್ಕು ಪುಟ ಸಾಕು ಅಂತ ನಾನು ಗಟ್ಟಿಯಾಗಿ ನಿಂತದ್ದು ಅದನ್ನು ಓದಿದ ಮೇಲೆ.

ಹಾಗಾಗಿ ನಿಮ್ಮಲ್ಲಿ ಕೇಳುವುದು: ನಿಮ್ಮ ಊರಿನಲ್ಲಿ ‘ಜಗುಲಿ’ ಅಂದರೆ ಮೊದಲು ಮನಸ್ಸಿಗೆ ಬರುವುದು ಏನು? ಬೀದರ, ಬಳ್ಳಾರಿ, ಕೊಡಗಿನವರು ದಯವಿಟ್ಟು ಬರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೇಳಿ, ಅವರು ಹೇಳಿದ್ದನ್ನು ಹಾಗೇ ಹಾಕಿ. ಜೂನ್ ಮಳೆ ಹಿಡಿಯುವ ಮೊದಲು ಸೈಟು ಹೊರಗೆ ಹೋಗಬೇಕು. ಸದ್ಯಕ್ಕೆ ಆ ಬಟನ್ ಮೇಲೆ ‘ಮೊದಲ ಪುಟ’ ಅಂತ ಬರೆದಿಟ್ಟಿದ್ದೇನೆ.