ಉಜ್ಜದೆ ನಿಂತರೂ ‘ಘರ್ಷಣೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಸಕಲೇಶಪುರದಲ್ಲಿ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ವಿಜ್ಞಾನದಲ್ಲಿ ‘ಫ್ರಿಕ್ಷನ್’ಗೆ ಬಳಸುವ ‘ಘರ್ಷಣೆ’ ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿತ್ತು.

ಕಳೆದ ವಾರ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟೆ. ಘಾಟಿಯ ಇಳಿಜಾರಲ್ಲಿ ಬ್ರೇಕ್ ಹಾಕಿ ನಿಲ್ಲಿಸಿದ ಲಾರಿ ಕೆಳಗೆ ಜಾರದಂತೆ ತಡೆಯುವುದು ಯಾವುದು? ಚುರುಕಾದ ಹುಡುಗಿಯೊಬ್ಬಳು ಹೀಗೆ ಬರೆದಳು: ‘ಬ್ರೇಕ್. ಘರ್ಷಣೆ ಇಲ್ಲ, ಯಾಕಂದ್ರೆ ಲಾರಿ ನಿಂತಿದೆ, ಏನೂ ಉಜ್ಜುತ್ತಿಲ್ಲ.’ ಬ್ರೇಕ್ ಚಕ್ರ ತಿರುಗದಂತೆ ನೋಡಿಕೊಳ್ಳುತ್ತೆ, ಸರಿ. ಆದರೆ ಟೈರು ರಸ್ತೆ ಮೇಲೆ ಜಾರದೆ ನಿಂತಿರುವುದು ಘರ್ಷಣೆಯಿಂದಲೇ. ಆದರೂ ಆ ಉತ್ತರದ ಮೇಲೆ ಕೆಂಪು ಗೀಟು ಎಳೆಯಲು ಕೈ ಬರಲಿಲ್ಲ. ಪದ ಏನು ಹೇಳುತ್ತೋ ಅದನ್ನೇ ನಂಬಿ ಬರೆದಿದ್ದಾಳೆ, ಅಲ್ವಾ?

ಸಂಸ್ಕೃತದ ‘ಘೃಷ್’ ಎಂದರೆ ಉಜ್ಜು. ಮಕ್ಕಳು ಈ ಪದವನ್ನು ಪಾಠಕ್ಕಿಂತ ಮೊದಲು ನೋಡುವುದು ಪೇಪರಿನಲ್ಲಿ, ‘ಎರಡು ಗುಂಪುಗಳ ನಡುವೆ ಘರ್ಷಣೆ’ ಅಂತ. ನಮ್ಮ ಸಕಲೇಶಪುರ, ಆಲೂರು ಕಡೆ ‘ಆನೆ–ಮಾನವ ಸಂಘರ್ಷ’ ಬೇರೆ ಆಗಾಗ ಕಿವಿಗೆ ಬೀಳುತ್ತೆ. ಎಲ್ಲದರಲ್ಲೂ ಓಡಾಟ, ಗಲಾಟೆ. ಸುಮ್ನೆ ನಿಂತ ವಸ್ತುವಿಗೆ ಈ ಪದ ಹೊಂದುವುದೇ ಇಲ್ಲ. ನಿಂತ ವಸ್ತುವಿನ ಘರ್ಷಣೆಗೆ ‘ಸ್ಥಿತ ಘರ್ಷಣೆ’ ಎಂಬ ಪದ ಇದೆಯಲ್ಲ ಎನ್ನಬಹುದು. ಮಕ್ಕಳಿಗೆ ಅದು ‘ಉಜ್ಜದೆ ಉಜ್ಜುವುದು’ ಅಂದ ಹಾಗೆ ಕೇಳುತ್ತೆ.

‘ತಿಕ್ಕಾಟ’ ಎಂದು ಬರೆಯುವವರೂ ಇದ್ದಾರೆ. ನನಗೆ ಅದು ಇನ್ನೂ ದೂರ ಹೋಯಿತು ಅನಿಸುತ್ತೆ. ಎಳೆದಾಟ, ಹೊಡೆದಾಟ, ಜಗ್ಗಾಟ ಇದ್ದ ಹಾಗೆ, ‘ಆಟ’ ಸೇರಿದರೆ ಮತ್ತೆ ಮತ್ತೆ ಮಾಡುವ ಕೆಲಸ ಅಂತಲೇ ಅರ್ಥ ಬರುತ್ತೆ. ಉಜ್ಜುವುದಕ್ಕೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಪಾತ್ರೆ ಉಜ್ಜುತ್ತೇವೆ, ಬೆನ್ನು ತಿಕ್ಕುತ್ತೇವೆ, ಗಂಧ ತೇಯುತ್ತೇವೆ, ಕತ್ತಿ ಮಸೆಯುತ್ತೇವೆ. ಎಲ್ಲವೂ ಕೈಯಾಡಿಸುವ ಕೆಲಸಗಳೇ. ಅಲುಗದೆ ಹಿಡಿದು ನಿಲ್ಲಿಸುವ ಬಲಕ್ಕೆ ಏನನ್ನೋಣ?

ಮಾರನೇ ದಿನ ಒಂದು ಹಲಗೆ ತಂದೆ. 60 ಸೆಂಟಿಮೀಟರ್ ಉದ್ದದ್ದು. ಅದರ ಮೇಲೆ ಆ ಹುಡುಗಿಯದೇ ಜಾಮಿಟ್ರಿ ಬಾಕ್ಸ್ ಇಟ್ಟು, ಹಲಗೆಯ ಒಂದು ತುದಿಯನ್ನು ನಿಧಾನಕ್ಕೆ ಎತ್ತುತ್ತಾ ಹೋದೆ. ಬಾಕ್ಸ್ ಅಲುಗಲಿಲ್ಲ. ಇನ್ನಷ್ಟು ಎತ್ತಿದೆ, ಆಗಲೂ ಇಲ್ಲ. ತುದಿ 18 ಸೆಂಟಿಮೀಟರ್ ಎತ್ತರಕ್ಕೆ ಬಂದಾಗ ಸರ್ರನೆ ಜಾರಿತು. ಆಗ ಹಲಗೆಯ ಕೆಳಗೆ ನೆಲದ ಅಳತೆ 57. ಹದಿನೆಂಟನ್ನು ಐವತ್ತೇಳರಿಂದ ಭಾಗಿಸಿದರೆ ಸುಮಾರು 0.32. ಆ ಹಲಗೆಗೂ ಆ ಬಾಕ್ಸಿಗೂ ನಡುವಿನ ಘರ್ಷಣಾಂಕ ಅದೇ, ಅಂದರೆ ಬಾಕ್ಸ್ ಹಲಗೆಯನ್ನು ಒತ್ತುವ ಬಲದಲ್ಲಿ ಹೆಚ್ಚೆಂದರೆ ಎಷ್ಟು ಪಾಲು ಹಿಡಿಯುವ ಬಲ ಸಿಗುತ್ತೆ ಎಂಬ ಲೆಕ್ಕ. ಬಾಕ್ಸಿನೊಳಗೆ ಕಲ್ಲು ತುಂಬಿ ಮತ್ತೆ ಎತ್ತಿದೆವು. ಹೆಚ್ಚುಕಮ್ಮಿ ಅದೇ ಎತ್ತರಕ್ಕೆ ಜಾರಿತು. ಭಾರ ಎಷ್ಟು ಪಾಲು ಜಾಸ್ತಿಯಾಗುತ್ತೋ ಹಿಡಿಯುವ ಬಲವೂ ಅಷ್ಟೇ ಪಾಲು ಜಾಸ್ತಿಯಾಗುತ್ತೆ. ಫ್ರಾನ್ಸಿನ ವಿಜ್ಞಾನಿ ಅಮೊಂಟೋನ್ 1699ರಲ್ಲಿ ಹೇಳಿದ್ದು ಇದನ್ನೇ.

ನನಗೆ ಮುಖ್ಯ ಅನಿಸಿದ್ದು ಬಾಕ್ಸ್ ಜಾರುವ ಮೊದಲಿನ ಹೊತ್ತು. ಹಲಗೆ ಎತ್ತಿದಷ್ಟೂ ಬಾಕ್ಸನ್ನು ಕೆಳಗೆಳೆಯುವ ಬಲ ಹೆಚ್ಚುತ್ತೆ. ಹಿಡಿಯುವ ಬಲವೂ ಅಷ್ಟಷ್ಟೇ ಹೆಚ್ಚುತ್ತಾ ಬರುತ್ತೆ. ಒಂದು ಮಿತಿ ದಾಟಿದ ಮೇಲೆ ಸೋಲುತ್ತೆ. ಬೀರು ತಳ್ಳುವಾಗಲೂ ಹೀಗೇ. ಮೊದಲು ಜಗ್ಗುವುದಿಲ್ಲ, ಒಮ್ಮೆ ಹೊರಟಿತೆಂದರೆ ಅಷ್ಟು ಬಲ ಬೇಕಾಗುವುದಿಲ್ಲ. ಇದನ್ನು ನೋಡುತ್ತಿದ್ದ ಹುಡುಗನೊಬ್ಬ ‘ಮಿಸ್, ಬಾಕ್ಸ್ ಪಟ್ಟು ಬಿಡ್ತು’ ಅಂದ. ಎಷ್ಟು ಸರಿಯಾದ ಮಾತು! ಪಟ್ಟು ಹಿಡಿಯುವುದು, ಪಟ್ಟು ಬಿಡುವುದು. ಒತ್ತಿದಷ್ಟೂ ಬಿಗಿಯಾಗುವುದು ಆ ಪದದಲ್ಲೇ ಇದೆ.

ಸುಬ್ರಹ್ಮಣ್ಯ ಕಡೆಯಿಂದ ಘಾಟಿ ಹತ್ತಿ ಬರುವ ರೈಲನ್ನೇ ನೋಡಿ. 50 ಮೀಟರಿಗೆ 1 ಮೀಟರ್ ಏರು. ಹಳಿ ಒದ್ದೆಯಾಗಿ ಚಕ್ರ ಜಾರತೊಡಗಿದರೆ ಎಂಜಿನ್ನಿನಿಂದ ಹಳಿಗೆ ಮರಳು ಬಿಡುತ್ತಾರೆ. ಸರಿಯಾಗಿ ಉರುಳುವ ಚಕ್ರ ಹಳಿಗೆ ತಾಗುವ ಜಾಗದಲ್ಲಿ ಉಜ್ಜುವುದಿಲ್ಲ, ಊರಿ ನಿಲ್ಲುತ್ತೆ. ಮರಳು ಬೇಕಾಗಿರುವುದು ಆ ಹಿಡಿತಕ್ಕೆ. ಇಲ್ಲಿ ‘ಘರ್ಷಣೆ’ ಅಂದರೆ ಮಕ್ಕಳಿಗೆ ಚಿತ್ರ ತಲೆಕೆಳಗಾಗುತ್ತೆ.

ಗ್ಯಾರೇಜಿನವರು ‘ಗ್ರಿಪ್’ ಅಂತಾರೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದಾಗ ನಮ್ಮತ್ತೆ ಹೇಳುವುದು, ‘ದಬ್ಬೆ ಮೇಲೆ ಬಾರೇ, ಅಲ್ಲಿ ಕಾಲು ನಿಲ್ಲುತ್ತೆ.’

ನನ್ನ ಯೋಚನೆ ಇಷ್ಟು. ಜಾರುವಾಗಿನ ಬಲಕ್ಕೆ ಘರ್ಷಣೆ ಇರಲಿ, ಪರೀಕ್ಷೆಗೂ ಅದೇ ಬೇಕು. ಜಾರುವ ಮೊದಲಿನದಕ್ಕೆ ಪಾಠ ಹೇಳುವಾಗ ‘ಹಿಡಿತ’ ಅನ್ನಬಹುದಾ, ‘ಪಟ್ಟು’ ಅನ್ನಬಹುದಾ? ‘ಹಿಡಿತ’ ಎಂದರೆ ಅಂಟು ಅಂದುಕೊಂಡಾರು ಎಂಬ ಅಳುಕೂ ಇದೆ. ಅರಸೀಕೆರೆ, ಕಡೂರಿನ ಕಡೆ ಎತ್ತಿನ ಗಾಡಿ ಹೊಡೆದವರು ನಿಮ್ಮ ಮನೆಗಳಲ್ಲಿ ಇದ್ದರೆ ದಯವಿಟ್ಟು ಕೇಳಿ ತಿಳಿಸಿ. ಏರಿನಲ್ಲಿ ಚಕ್ರ ಜಾರದೆ ನಿಂತರೆ ಅವರು ಏನಂತಿದ್ದರು?