ಪದಚರ್ಚೆ: ಎಲ್‌ಎನ್‌ಜಿ ಪೂರೈಕೆ "ವಿಶ್ವಾಸಾರ್ಹ"ವೋ, "ನೆಚ್ಚಬಹುದಾದ್ದೋ"?

ಎಲ್ರಿಗೂ ನಮಸ್ಕಾರ. ಎಲ್‌ಎನ್‌ಜಿ (ತಣಿಸಿ ದ್ರವ ಮಾಡಿ ಹಡಗಲ್ಲಿ ಸಾಗಿಸೋ ನೈಸರ್ಗಿಕ ಅನಿಲ) ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಾ ಇದೀನಿ, ಅದ್ರಲ್ಲಿ ಮಾತು ಮಾತಿಗೂ ರಿಲಯಬಲ್ ಅಂತ ಬರುತ್ತೆ. ನಿಘಂಟಲ್ಲಿ "ವಿಶ್ವಾಸಾರ್ಹ" ಅಂತಿದೆ, ಆದ್ರೆ ನನ್ನ ಕಿವಿಗೆ ಅದು ಮನುಷ್ಯರಿಗೋ ಸುದ್ದಿಗೋ ಹೇಳೋ ಪದ, ಸುಳ್ಳಾಡಲ್ಲ ಅನ್ನೋ ಅರ್ಥ. ಗ್ಯಾಸ್ ಯಾಕ್ರೀ ಸುಳ್ಳಾಡುತ್ತೆ? ಇಲ್ಲಿ ಕೇಳ್ತಿರೋದು ಹೊತ್ತಿಗೆ ಸರಿಯಾಗಿ ಬರುತ್ತಾ ಅಂತ ಅಷ್ಟೆ.

ಸರಿ, "ನೆಚ್ಚಬಹುದಾದ" ಅಂತ ಬರೆದೆ. ಬರೆದ್ಮೇಲೆ ಅನುಮಾನ. "ಮಳೆ ನೆಚ್ಚಿಕೊಂಡ ಬೇಸಾಯ" ಅಂತೀವಲ್ಲ, ಅಲ್ಲಿ ಮಳೆ ಕೈಕೊಡುತ್ತೆ ಅಂತ ಗೊತ್ತಿದ್ದೂ ಬೇರೆ ದಾರಿ ಇಲ್ದೆ ನೆಚ್ಚಿರ್ತೀವಿ. ಅಂದ್ರೆ ನೆಚ್ಚೋದು ನಮ್ಮ ಅವಸ್ಥೆ, ಅದು ಮಳೆಯ ಗುಣ ಅಲ್ಲ.

ಇನ್ನೊಂದು ತಾಪತ್ರಯ, ಲೇಖನದಲ್ಲಿ ಆ ಒಂದೇ ಪದ ಎರಡು ಕೆಲಸ ಮಾಡ್ತಿದೆ. ಒಂದು ಕಡೆ ಯಂತ್ರದ ಮಾತು: ಗ್ಯಾಸನ್ನ ಮೈನಸ್ 162 ಡಿಗ್ರಿವರೆಗೆ ತಣಿಸಿ ಸುಮಾರು 600ರಲ್ಲಿ ಒಂದು ಪಾಲಿಗೆ ಕುಗ್ಗಿಸೋ ಘಟಕ, ಅದು ಕೆಟ್ರೆ ತಿಂಗಳುಗಟ್ಲೆ ಕಾಯ್ಬೇಕು. ನಾರ್ವೆಯ ಹ್ಯಾಮರ್‌ಫೆಸ್ಟ್ ಘಟಕಕ್ಕೆ 2020ರ ಸೆಪ್ಟೆಂಬರ್‌ನಲ್ಲಿ ಬೆಂಕಿ ಬಿದ್ದಿದ್ದು, ಮತ್ತೆ ಶುರುವಾಗಿದ್ದು 2022ರ ಜೂನ್‌ಗೆ, ಅದೇ ಜೂನ್‌ನಲ್ಲಿ ಟೆಕ್ಸಾಸ್‌ನ ಫ್ರೀಪೋರ್ಟ್ ಘಟಕದಲ್ಲಿ ಸ್ಫೋಟ ಆಗಿ ಅದೂ 2023ರ ಫೆಬ್ರವರಿವರೆಗೆ ನಿಂತೋಯ್ತು! ಇದಕ್ಕೇನೋ "ಕೈಕೊಡದ" ಅಂತ ಹಾಕ್ಬಹುದು.

ಇನ್ನೊಂದು ಕಡೆ ಹಡಗಿನ ಮಾತು, ಗಂಟು ಇರೋದೇ ಇಲ್ಲಿ. ಪೈಪ್‌ಲೈನ್ ಆದ್ರೆ ಒಬ್ಬನ ಮರ್ಜಿಗೆ ಕಟ್ಟುಬೀಳ್ತೀವಿ, ಹಡಗಾದ್ರೆ ಅವನಿಲ್ದಿದ್ರೆ ಇನ್ನೊಬ್ಬನ ಹತ್ರ ತರಿಸ್ಬಹುದು, ಅದಕ್ಕೇ ಇದು ಹೆಚ್ಚು ರಿಲಯಬಲ್ ಅಂತ ಲೇಖಕರ ವಾದ. 2022ರಲ್ಲಿ ರಷ್ಯಾದ ಪೈಪ್ ಗ್ಯಾಸ್ ಕಡಿಮೆಯಾದಾಗ ಯುರೋಪ್ ಬಚಾವಾಗಿದ್ದರಲ್ಲಿ ಇದರ ಪಾಲು ದೊಡ್ಡದು, ನಿಜ. ಆದ್ರೆ ಹಾಗೆ ತಿರುಗೋ ಹಡಗು ಜಾಸ್ತಿ ದುಡ್ಡು ಕೊಟ್ಟವರ ಕಡೆಗೇ ತಾನೆ ತಿರುಗೋದು. ಆ ಹೊತ್ತಲ್ಲಿ ಪಾಕಿಸ್ತಾನಕ್ಕೆ ಒಪ್ಪಂದ ಆಗಿದ್ದ ಸರಕುಗಳೂ ಬರ್ಲಿಲ್ಲ, ಗಂಟೆಗಟ್ಲೆ ಕರೆಂಟ್ ಕಟ್. ಒಂದೇ ಹಡಗು ಒಬ್ಬರಿಗೆ ವಿಶ್ವಾಸಾರ್ಹ, ಇನ್ನೊಬ್ಬರಿಗೆ ಮಳೆ.

ಗೆಳೆಯರೊಬ್ರು "ಪೂರೈಕೆ ಭದ್ರತೆ" ಅಂದ್ರು, ನಂಗೆ ಕೋವಿ ಹಿಡಿದ ಕಾವಲುಗಾರ ಕಣ್ಮುಂದೆ ಬಂದ. "ಖಾತರಿ" ಅಂದ್ರೆ ಯಾರೋ ಜಾಮೀನು ನಿಂತಿದಾರೆ ಅನ್ಸುತ್ತೆ, ಇಲ್ಲಿ ಯಾರೂ ನಿಂತಿಲ್ಲ. (ದ್ರವೀಕೃತ ನೈಸರ್ಗಿಕ ಅನಿಲ ಅಂತ ಒಂದೇ ಸಲ ಬರೆದು ಆಮೇಲೆ ಎಲ್‌ಎನ್‌ಜಿ ಅಂತಲೇ ಬಿಟ್ಟಿದೀನಿ, ಅದಕ್ಕೆ ಬೈಬೇಡಿ.)

ಸದ್ಯಕ್ಕೆ ಹಡಗಿನ ಕಡೆಯೆಲ್ಲ "ನೆಚ್ಚು"ನೇ ಉಳಿಸ್ಕೊಂಡಿದೀನಿ, ಆದ್ರೆ ನಾಮಪದ ಬೇಕಾದಾಗ ಸಿಕ್ಕಾಕೊಳ್ತೀನಿ. "ನೆಚ್ಚಿಕೆ" ಅಂತ ಯಾರಾದ್ರೂ ಮಾತಲ್ಲಿ ಬಳಸ್ತೀರಾ, ಇಲ್ಲಾ ಅದು ಬರೀ ನಿಘಂಟಿನ ಪದಾನಾ?