ಹೈಸ್ಕೂಲ್ ಮಕ್ಕಳ ಹತ್ರ ಲೈಂಗಿಕತೆ, ನಶೆಯ ಮಾತು ಎಲ್ಲಿಂದ ತೆಗೆದ್ರಿ?

ಮಂಡ್ಯದ ತಾಯಿ (ಪ್ರಶ್ನೆ ನಂದು):
ಮಗ ಒಂಬತ್ತನೇ ಕ್ಲಾಸು. ಟ್ಯೂಷನ್ ಬ್ಯಾಗಲ್ಲಿ ಪೆನ್‌ಡ್ರೈವ್ ಥರದ್ದೊಂದು ಸಿಕ್ತು, ಮೂಸಿದ್ರೆ ಮಾವಿನಹಣ್ಣಿನ ವಾಸನೆ. ವೇಪ್ ಅಂತೆ, ಅಂದ್ರೆ ಎಲೆಕ್ಟ್ರಾನಿಕ್ ಸಿಗರೇಟು. ಅವನ ಗೆಳೆಯರ ವಾಟ್ಸಾಪ್ ಗ್ರೂಪಲ್ಲಿ ಬರೋ ವಿಡಿಯೋಗಳ ಬಗ್ಗೆ ಹೇಳೋದೇ ಬೇಡ. ಮಗಳು ಹತ್ತನೇ ಕ್ಲಾಸು, ಅವಳ ಹತ್ರ ಮುಟ್ಟಿನ ವಿಷಯ ಬಿಟ್ರೆ ಮುಂದಕ್ಕೆ ಏನೂ ಮಾತಾಡಿಲ್ಲ. ಇವರಪ್ಪನಿಗೆ ಹೇಳಿದ್ರೆ ಬೆಲ್ಟ್ ಬಿಚ್ತಾರೆ ಅಷ್ಟೇ. ಮಾತಾಡಿ ಗೆದ್ದವರು ಯಾರಾದ್ರೂ ಇದ್ರೆ ಹೇಳಿ.

ವಿಜ್ಞಾನ ಮೇಷ್ಟ್ರು, ಶ್ರೀರಂಗಪಟ್ಟಣ ತಾಲ್ಲೂಕು:
ಮಗಳ ಹತ್ರ ಮಾತಿಗೆ ನೆಪ ಬೇಕಾದ್ರೆ ಅವಳ ಪುಸ್ತಕವೇ ಇದೆ ಮೇಡಂ. ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠದಲ್ಲಿ ಕಾಂಡೋಮ್, ಕಾಪರ್-ಟಿ, ಗೊನೊರಿಯಾ, ಸಿಫಿಲಿಸ್, ಎಚ್‌ಐವಿ ಎಲ್ಲಾ ಬರುತ್ತೆ. 'ಮನೇಲಿ ಓದ್ಕೊಳ್ಳಿ' ಅಂತ ಪುಟ ಮಗುಚೋ ಮೇಷ್ಟ್ರುಗಳೇ ಜಾಸ್ತಿ, ಅದು ಬೇರೆ ಮಾತು.

ನಾನು ಕ್ಲಾಸಲ್ಲಿ ಹಳೇ ಹಾರ್ಲಿಕ್ಸ್ ಡಬ್ಬಿ ಇಡ್ತೀನಿ. ಹೆಸರು ಬರೆಯೋ ಹಾಗಿಲ್ಲ, ಆದ್ರೆ ಎಲ್ಲರೂ ಚೀಟಿ ಹಾಕಲೇಬೇಕು. ಪ್ರಶ್ನೆ ಇಲ್ಲದವರು 'ಊಟ ಆಯ್ತಾ ಸಾರ್' ಅಂತಾದ್ರೂ ಬರೀಬೇಕು. ಇಲ್ಲಾಂದ್ರೆ ಪೆನ್ನು ತೆಗೆದವನನ್ನೇ ಎಲ್ಲರೂ ನೋಡ್ತಾರೆ. ಬರೋ ಪ್ರಶ್ನೆ ನೋಡಿದ್ರೆ ಮಕ್ಕಳಿಗೆ ಎಷ್ಟು ಗೊತ್ತಿಲ್ಲ ಅನ್ನೋದು ತಿಳಿಯುತ್ತೆ. 'ಮುತ್ತು ಕೊಟ್ರೆ ಏಡ್ಸ್ ಬರುತ್ತಾ?' ಬರಲ್ಲ. 'ಹಸ್ತಮೈಥುನದಿಂದ ಶಕ್ತಿ ಹೋಗುತ್ತಾ?' ಹೋಗಲ್ಲ. 'ಮೊದಲನೇ ಸಲಕ್ಕೆ ಬಸಿರು ನಿಲ್ಲಲ್ವಂತೆ, ನಿಜಾನಾ?' ಸುಳ್ಳು, ನಿಲ್ಲುತ್ತೆ. ದ್ಯುತಿಸಂಶ್ಲೇಷಣೆ ಹೇಳೋ ದನಿಯಲ್ಲೇ ಹೇಳ್ತೀನಿ. ಮೊದಲು ಕಿಸಿಕಿಸಿ ನಗ್ತಾರೆ, ಆಮೇಲೆ ನೋಟ್ಸ್ ಬರ್ಕೋತಾರೆ.

ಒಂದು ಸಲ ಒಂದು ಚೀಟಿ ಬಂತು. ಗುರುತು ಸಿಗದಿರಲಿ ಅಂತ ಎಡಗೈಲಿ ಬರೆದ ಸೊಟ್ಟ ಅಕ್ಷರ: 'ಮನೆಯವರೇ ಮುಟ್ಟಿದ್ರೆ ಯಾರಿಗೆ ಹೇಳ್ಬೇಕು?' ಅದನ್ನ ಕ್ಲಾಸಲ್ಲಿ ಓದಲಿಲ್ಲ. ಮಕ್ಕಳ ಸಹಾಯವಾಣಿ 1098 ಅಂತ ಬೋರ್ಡ್ ಮೇಲೆ ದೊಡ್ಡದಾಗಿ ಬರೆದು, ಮಧ್ಯಾಹ್ನ ಊಟದ ಹೊತ್ತಲ್ಲಿ ನಾನೂ ಹಿಂದಿ ಟೀಚರೂ ಸ್ಟಾಫ್ ರೂಮಲ್ಲೇ ಇರ್ತೀವಿ ಅಂದೆ. ಆ ಮಗು ಬಂತು. ಮುಂದಿನದ್ದು ಇಲ್ಲಿ ಬೇಡ, ಮಗು ಈಗ ಚೆನ್ನಾಗಿದೆ.

ಮೆಡಿಕಲ್ ಸ್ಟೋರ್, ಮಂಡ್ಯ:
ಹುಡುಗರು ನಮ್ಮ ಅಂಗಡಿಗೆ ಬಾಗಿಲು ಹಾಕೋ ಹೊತ್ತಿಗೇ ಬರೋದು. ಮೊದಲು ಒಂದು ಕ್ರೋಸಿನ್ ಕೇಳ್ತಾರೆ, ಪಕ್ಕದವರು ಹೋಗೋವರೆಗೂ ಚಿಲ್ಲರೆ ಎಣಿಸ್ತಾ ನಿಲ್ತಾರೆ. ನಾನು ಬೈಯಲ್ಲ. ಬೈದ್ರೆ ಮುಂದಿನ ಸಲ ಯೂಟ್ಯೂಬ್ ಡಾಕ್ಟರನ್ನ ಕೇಳ್ತಾರೆ.

ಹೆತ್ತವರಿಗೂ ಗೊತ್ತಿರಲಿ: ತುರ್ತು ಗರ್ಭನಿರೋಧಕ ಮಾತ್ರೆ 72 ಗಂಟೆಯೊಳಗೆ ತಗೋಬೇಕು, ಎಷ್ಟು ಬೇಗ ಅಷ್ಟು ಒಳ್ಳೇದು. ಅದು ತಿಂಗಳು ತಿಂಗಳು ನುಂಗೋದಲ್ಲ, ರೋಗ ತಡೆಯೋದೂ ಇಲ್ಲ. ಬಸಿರನ್ನೂ ಸೋಂಕನ್ನೂ ಎರಡನ್ನೂ ತಡೆಯೋದು ಕಾಂಡೋಮ್ ಒಂದೇ, ಅದೂ ಸರಿಯಾಗಿ ಬಳಸಿದ್ರೆ. ಗರ್ಭಪಾತದ ಮಾತ್ರೆ ಮಾತ್ರ ಡಾಕ್ಟ್ರ ಚೀಟಿ ಇಲ್ದೆ ಯಾರು ಕೊಟ್ರೂ ತಗೋಬೇಡಿ. ರಕ್ತ ನಿಲ್ದೆ ಹೋದ್ರೆ ಜೀವಕ್ಕೇ ಕುತ್ತು.

ಸ್ಟಾಫ್ ನರ್ಸ್, ಮೈಸೂರು:
ಇವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಒಂದು ಮಾತು ಸೇರಿಸ್ತೀನಿ. 2012ರ ಪೋಕ್ಸೋ (ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಕಾಯ್ದೆ) ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, 'ಅವಳೇ ಒಪ್ಪಿದ್ಲು' ಅನ್ನೋದು ನಡೆಯಲ್ಲ. ಇದು ಗಂಡುಮಕ್ಕಳ ಅಪ್ಪ-ಅಮ್ಮಂದಿರು ಮಗನಿಗೆ ಮೊದಲು ಹೇಳಬೇಕಾದ ವಿಷಯ. ಹದಿನೇಳರ ಹುಡುಗನೂ ಕೇಸಲ್ಲಿ ಸಿಕ್ಕಿಬೀಳ್ತಾನೆ. ವಿಷಯ ಗೊತ್ತಾದ ಡಾಕ್ಟ್ರು, ಮೇಷ್ಟ್ರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಆ ಭಯಕ್ಕೇ ಎಷ್ಟೋ ಮನೆಯವರು ಮಗೂನ ಆಸ್ಪತ್ರೆಗೆ ಕರ್ಕೊಂಡು ಬರೋದು ತಡ ಮಾಡ್ತಾರೆ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯ ವಿಷಯ ತಿಳಿಸುವಾಗ ಅವಳೂ ಪೋಷಕರೂ ಕೇಳಿಕೊಂಡ್ರೆ ಡಾಕ್ಟ್ರು ಹೆಸರು ಹೇಳಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ತಡ ಮಾಡ್ಬೇಡಿ.

ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ. ಮುಟ್ಟಿನ ತೊಂದರೆ, ಬಿಳಿ ಮುಟ್ಟು, ಮನಸ್ಸಿನ ಬೇಸರ ಎಲ್ಲದಕ್ಕೂ ಆಗುತ್ತೆ. ಎಚ್‌ಐವಿ ಬಗ್ಗೆ ಕೇಳೋಕೆ 1097.

ಮಹಾರಾಜ ಕಾಲೇಜು ವಿದ್ಯಾರ್ಥಿ:
ಅಕ್ಕಾ, ಬೆತ್ತಲೆ ಫೋಟೋ, ವಿಡಿಯೋ ವಿಷಯ ಯಾರೂ ಹೇಳ್ಲಿಲ್ಲ. ನಮ್ಮ ಹೈಸ್ಕೂಲ್ ಬ್ಯಾಚಲ್ಲಿ ಒಬ್ಬ ಹುಡುಗನ್ನ ಇನ್‌ಸ್ಟಾದಲ್ಲಿ ಯಾವಳೋ 'ಹುಡುಗಿ' ವಿಡಿಯೋ ಕಾಲಿಗೆ ಎಳೆದು, ರೆಕಾರ್ಡ್ ಮಾಡ್ಕೊಂಡು ದುಡ್ಡು ಕೇಳಿದ್ರು. ಅಮ್ಮನ ಫೋನ್‌ಪೇಯಿಂದ ಕಳಿಸ್ತಾನೇ ಇದ್ದ. ಒಂದು ಸಲ ಕೊಟ್ರೆ ಕೇಳೋದು ನಿಲ್ಲಲ್ಲ. ದುಡ್ಡು ಕೊಡಬಾರದು, ಚಾಟ್ ಅಳಿಸಬಾರದು, ಸ್ಕ್ರೀನ್‌ಶಾಟ್ ಇಟ್ಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು. 18ರೊಳಗಿನವರ ಇಂಥ ಫೋಟೋ ಫಾರ್ವರ್ಡ್ ಮಾಡೋದೂ ಅಪರಾಧ, ಗ್ರೂಪಲ್ಲಿರೋ ನಿಮ್ಮ ಮಗನಿಗೆ ಅದೂ ಗೊತ್ತಿರಲಿ.

ಮಂಡ್ಯದ ತಾಯಿ:
ಎಲ್ಲರಿಗೂ ಥ್ಯಾಂಕ್ಸ್. ಪಾಠದ ಪುಸ್ತಕ ಇವತ್ತೇ ತೆಗೀತೀನಿ. ಆ ವೇಪ್ ಏನು ಮಾಡ್ಲಿ, ಎಸೆದುಬಿಡ್ಲಾ?

ಸ್ಟಾಫ್ ನರ್ಸ್, ಮೈಸೂರು:
ಕದ್ದು ಎಸೀಬೇಡಿ, ಇನ್ನೊಂದು ತರ್ತಾನೆ. ಅವನ ಮುಂದೇನೇ ಇಟ್ಟು, 'ಎಷ್ಟು ದಿನದಿಂದ, ಎಲ್ಲಿ ಸಿಗುತ್ತೆ' ಅಂತ ಕೇಳಿ. ದೇಶದಲ್ಲಿ ಅದರ ಮಾರಾಟವೇ 2019ರಿಂದ ನಿಷೇಧ, ಒಳಗೆ ಏನು ತುಂಬಿರ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ನಿಕೋಟಿನ್ ಇದ್ರೆ ಬಿಟ್ಟ ಮೊದಲ ದಿನಗಳಲ್ಲಿ ಸಿಡುಕು, ನಿದ್ದೆ ಕೆಡೋದು ಇರುತ್ತೆ, ಆಗ ಜಗಳ ತೆಗೀಬೇಡಿ. ಬಿಡೋಕೆ ಸಹಾಯ ಬೇಕಾದ್ರೆ ಕ್ವಿಟ್‌ಲೈನ್ 1800-11-2356, ದುಡ್ಡಿಲ್ಲ. ಫೋನ್ ಅವನ ಕೈಗೇ ಕೊಟ್ಟು ನೀವು ಅಡುಗೆಮನೆಗೆ ಹೋಗಿ.